ಅನುಭವದ ಕಾಲಂನಲ್ಲಿ ಒಂದೇ ಸಾಲು

2005ರ ಜೂನ್‌ನಲ್ಲಿ ನಾನು ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿಗೆ ಬಿ.ಕಾಂ. ಓದಲು ಸೇರಿದೆ. ಅದೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿದುಕೊಂಡಿದ್ದ ಒಂದು ಸಂಜೆ, ಅಪ್ಪ 24 ವರ್ಷಗಳ ಸೇವೆ ಮುಗಿಸಿ ಹವಾಲ್ದಾರ್ ಆಗಿ ನಿವೃತ್ತರಾಗಿ, ಹೆಸರು ಮತ್ತು ನಂಬರು ಬರೆದ ಕರಿ ಟ್ರಂಕಿನೊಂದಿಗೆ ಮನೆಗೆ ಬಂದರು. ಆಗ ಅವರ ವಯಸ್ಸು 42. ಅವ್ವ ಟ್ರಂಕನ್ನು ಅಟ್ಟಕ್ಕೆ ಹಾಕಿಸುವ ಮೊದಲು ಅದರಿಂದ ಅಪ್ಪ ತೆಗೆದಿಟ್ಟುಕೊಂಡದ್ದು ಎರಡೇ ವಸ್ತು: ಪದಕಗಳಿದ್ದ ಚಿಕ್ಕ ಪೆಟ್ಟಿಗೆ ಮತ್ತು ಸೇವೆಯ ವಿವರಗಳಿರುವ ಡಿಸ್ಚಾರ್ಜ್ ಬುಕ್. ನನ್ನ ಕಾಲೇಜಿನ ನೆನಪುಗಳನ್ನು ಬರೆಯಲು ಕುಳಿತಾಗಲೆಲ್ಲ ಆ ಪುಸ್ತಕವೇ ಕಣ್ಣ ಮುಂದೆ ಬರುತ್ತದೆ.

ಸೈನಿಕನೊಬ್ಬ ಊರಿಗೆ ಮರಳುವುದು ಕೊಡಗಿನಲ್ಲಿ ಸುದ್ದಿಯೇ ಅಲ್ಲ. ಕೊಡವರಿರಲಿ, ಅರೆಭಾಷೆ ಗೌಡರಿರಲಿ, ಬೇರೆ ಸಮುದಾಯದವರಿರಲಿ, ಸೇನೆಯಲ್ಲಿದ್ದವರೊಬ್ಬರೂ ಇಲ್ಲದ ಊರನ್ನು ಇಲ್ಲಿ ಹುಡುಕಬೇಕು. ದೊಡ್ಡವರನ್ನು ನೆನೆಯುವುದರಲ್ಲೂ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರ ಹೆಸರನ್ನು ನಮ್ಮ ಕಾಲೇಜು ಹೊತ್ತಿದೆ. ಜನರಲ್ ತಿಮ್ಮಯ್ಯನವರು ಹುಟ್ಟಿದ 'ಸನ್ನಿಸೈಡ್' ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಆದರೆ ಪಿಂಚಣಿಗೆ ಬೇಕಾದ 15 ವರ್ಷಗಳನ್ನೋ, ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಪೂರೈಸಿ 40ರ ಆಸುಪಾಸಿನಲ್ಲಿ ಮನೆಗೆ ಬರುವ ಸಿಪಾಯಿ, ನಾಯಕ್, ಹವಾಲ್ದಾರರ ಮುಂದಿನ 20 ವರ್ಷಗಳ ದುಡಿಮೆ ಏನು ಎಂದು ನಾವು ಕೇಳುವುದು ಕಡಿಮೆ. ಆ ಪ್ರಾಯದಲ್ಲಿಯೇ ಮಕ್ಕಳ ಕಾಲೇಜು ಶುಲ್ಕವೂ ಸೋರುವ ಮನೆಯ ಮಾಡೂ ಒಟ್ಟಿಗೆ ಎದುರು ನಿಲ್ಲುತ್ತವೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

ಅಪ್ಪ ಮೊದಲು ಹೋದದ್ದು ಬೆಂಗಳೂರಿಗೆ. ಅಲ್ಲಿನ ಒಂದು ಸೆಕ್ಯುರಿಟಿ ಏಜೆನ್ಸಿಯವರು 'ಎಕ್ಸ್ ಸರ್ವಿಸ್‌ಮನ್' ಎಂಬ ಒಂದು ಮಾತು ಕೇಳಿದೊಡನೆ, ಡಿಸ್ಚಾರ್ಜ್ ಬುಕ್ಕಿನ ಪುಟ ತಿರುವದೆಯೇ, ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲಿಸಿದರು. ಗೇಟು ಕಾಯುವ ಕೆಲಸವನ್ನು ನಾನು ಎಂದಿಗೂ ಹಗುರವಾಗಿ ಕಾಣುವುದಿಲ್ಲ, ಆರು ತಿಂಗಳು ನಮ್ಮ ಮನೆಯ ಅನ್ನ ಅದರಿಂದಲೇ ಬಂದಿದೆ. ನನಗೆ ನೋವಾದದ್ದು, ಅಪ್ಪನ ಕೈಗೆ ಏನೇನು ಗೊತ್ತಿದೆ ಎಂದು ಯಾರೂ ಕೇಳದೆ ಹೋದದ್ದಕ್ಕೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇಕಡ 10ರ ಮೀಸಲಾತಿ ಇದೆ. ಸೇವೆ ಸಲ್ಲಿಸಿದ ವರ್ಷಗಳ ಜೊತೆಗೆ ಇನ್ನೂ 3 ವರ್ಷ ಸೇರಿಸಿ ವಯೋಮಿತಿಯಲ್ಲಿ ರಿಯಾಯಿತಿಯೂ ಇದೆ. ಆ ಲೆಕ್ಕದಲ್ಲಿ ಕಾಗದದ ಮೇಲೆ ಅಪ್ಪನ ವಯಸ್ಸು 15ಕ್ಕೆ ಇಳಿಯುತ್ತಿತ್ತು. ವಯಸ್ಸು ಅಡ್ಡಿಯಾಗಲಿಲ್ಲ, ಭಾಷೆ ಅಡ್ಡಿಯಾಯಿತು. 24 ವರ್ಷ ಹಿಂದಿಯಲ್ಲಿ ಮಾತನಾಡಿ, ಇಂಗ್ಲಿಷ್ ನಮೂನೆಗಳನ್ನು ತುಂಬಿಸಿದ ಅಪ್ಪನಿಗೆ ಉಳಿದಿದ್ದ ಕನ್ನಡವೆಂದರೆ ಅವ್ವನಿಗೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರದ ಕನ್ನಡ. 'ನಾನು ಇಲ್ಲಿ ಕ್ಷೇಮ, ನೀವೆಲ್ಲರೂ ಕ್ಷೇಮವೆಂದು ನಂಬಿರುತ್ತೇನೆ' ಎಂದು ಸೊಗಸಾಗಿ ಬರೆಯುತ್ತಿದ್ದವರು 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬಲ್ಲಿಗೆ ಬಂದು ಪೆನ್ನು ಕೆಳಗಿಡುತ್ತಿದ್ದರು. ಒಂದು ಪರೀಕ್ಷೆ ಬರೆದರು, ಆಯ್ಕೆಯಾಗಲಿಲ್ಲ.

2006ರ ಜನವರಿ 28ರಂದು, ಕಾರ್ಯಪ್ಪನವರ ಜನ್ಮದಿನದ ಕಾರ್ಯಕ್ರಮಕ್ಕೆ ಅಪ್ಪನೂ ಕಾಲೇಜಿಗೆ ಬಂದಿದ್ದರು. ವೇದಿಕೆಗೆ ಕರೆದ ಮಾಜಿ ಸೈನಿಕರಲ್ಲಿ ಅವರೂ ಒಬ್ಬರು. ಶಾಲು ಹೊದಿಸಿದಾಗ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆ ಮನಸ್ಸಿನಿಂದಲೇ ಬಂದದ್ದು ಎಂದು ಇಂದಿಗೂ ಹೇಳಬಲ್ಲೆ. ಕಾರ್ಯಕ್ರಮ ಮುಗಿದ ಮೇಲೆ ನಾವಿಬ್ಬರೂ ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಕುಳಿತು, ಕುಶಾಲನಗರದ ಕಡೆಯ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಒಂದು ಕ್ಯೂರಿಂಗ್ ಘಟಕಕ್ಕೆ ಕಳುಹಿಸಬೇಕಿದ್ದ ಬಯೋಡಾಟಾ ಬರೆಯತೊಡಗಿದೆವು. ಹೆಸರು, ವಿಳಾಸ, ವಿದ್ಯಾಭ್ಯಾಸ ಆಯಿತು. 'ಅನುಭವ' ಎಂಬಲ್ಲಿ ಅಪ್ಪ ಒಂದೇ ಸಾಲು ಹೇಳಿದರು: 'ಸೈನ್ಯದಲ್ಲಿ ಸೇವೆ, 24 ವರ್ಷ.' ಆ ಹೊತ್ತಿಗೆ ಪುಸ್ತಕ ಹಿಂದಿರುಗಿಸಲು ಬಂದಿದ್ದ ನಮ್ಮ ವಾಣಿಜ್ಯ ವಿಭಾಗದ ಅಧ್ಯಾಪಕರು ನಮ್ಮನ್ನು ಕಂಡು ಹತ್ತಿರ ಬಂದರು. ಅಪ್ಪ ಎದ್ದು ನಿಂತರು. ಸರ್ ಅವರನ್ನು ಕೂರಿಸಿ, ತಾವೂ ಕುರ್ಚಿ ಎಳೆದುಕೊಂಡು, ಆ ಹಾಳೆ ಓದಿ ಕೇಳಿದರು.

'ಹವಾಲ್ದಾರರೇ, ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ?'

'ಪಿ.ಟಿ., ಪರೇಡ್, ಆಮೇಲೆ ಸ್ಟೋರು, ಸರ್.'

'ಸ್ಟೋರಿನಲ್ಲಿ?'

ಅಪ್ಪ ಆರ್ಮಿ ಸರ್ವಿಸ್ ಕೋರ್‌ನಲ್ಲಿದ್ದವರು, ಅಂದರೆ ಪಡೆಗಳಿಗೆ ಪಡಿತರ ಮತ್ತು ಇಂಧನ ಮುಟ್ಟಿಸುವ ವಿಭಾಗದಲ್ಲಿ. ಎರಡು ಬಾರಿ ಲಡಾಖಿನಲ್ಲಿದ್ದರು. ಆಗೆಲ್ಲ ಚಳಿಗಾಲದಲ್ಲಿ ಜೋಜಿಲಾ ಕಣಿವೆಮಾರ್ಗ ಹಿಮದಿಂದ ಮುಚ್ಚಿಹೋಗಿ ಶ್ರೀನಗರದ ರಸ್ತೆ ತಿಂಗಳುಗಟ್ಟಲೆ ಕಡಿದು ಹೋಗುತ್ತಿತ್ತು. ಆದ್ದರಿಂದ ರಸ್ತೆ ತೆರೆದಿರುವ ಬೇಸಗೆಯ ತಿಂಗಳುಗಳಲ್ಲಿಯೇ ಇಡೀ ಚಳಿಗಾಲದ ಅಕ್ಕಿ, ಬೇಳೆ, ಹಿಟ್ಟು, ಡಬ್ಬಿ ಆಹಾರ, ಸೀಮೆಎಣ್ಣೆ ಎಲ್ಲವನ್ನೂ ಮೇಲೆ ಸಾಗಿಸಿ ಇಡಬೇಕಿತ್ತು. (1948ರ ನವೆಂಬರ್ 1ರಂದು ಇದೇ ಜೋಜಿಲಾಕ್ಕೆ ತಿಮ್ಮಯ್ಯನವರು ಟ್ಯಾಂಕುಗಳನ್ನು ಹತ್ತಿಸಿದ್ದು ಎಂದು ಅಪ್ಪ ನಡುವೆ ಹೇಳದೆ ಬಿಡಲಿಲ್ಲ.) ಒಬ್ಬನಿಗೆ ದಿನಕ್ಕೆ ಎಷ್ಟು, ಎಷ್ಟು ಜನ, ಎಷ್ಟು ದಿನ, ದಾರಿಯಲ್ಲಿ ಎಷ್ಟು ನಷ್ಟವಾದೀತು ಎಂದು ಗುಣಿಸಿ ಬೇಡಿಕೆ ಬರೆಯುವುದು, ಲಾರಿ ಬಂದಾಗ ತೂಕ ನೋಡಿ ಇಳಿಸುವುದು, ಚೀಲ ನೆಲಕ್ಕೆ ತಾಗದಂತೆ ಹಲಗೆ ಹಾಸಿ, ಗಾಳಿಯಾಡಲು ಗೋಡೆಯಿಂದ ಅಂತರ ಬಿಟ್ಟು ಜೋಡಿಸುವುದು, ಮೊದಲು ಬಂದದ್ದು ಮೊದಲು ಹೋಗುವಂತೆ ನೋಡುವುದು, ಸಂಜೆ ಲೆಡ್ಜರಿನ ಅಂಕಿಯೂ ಕಪಾಟಿನ ಅಂಕಿಯೂ ತಾಳೆಯಾಗದೆ ಬೀಗ ಹಾಕದಿರುವುದು. ಸೀಮೆಎಣ್ಣೆ ಒಂದು ಕ್ಯಾನ್ ಕಡಿಮೆಯಾದರೆ ಮೇಲಿನ ಪೋಸ್ಟಿನಲ್ಲಿ ಯಾರ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಆರುತ್ತದೆ ಎಂಬುದು ಅವರಿಗೆ ಹೆಸರು ಸಮೇತ ಗೊತ್ತಿರುತ್ತಿತ್ತು. ಹೇಳುತ್ತಾ ಹೇಳುತ್ತಾ ಅಪ್ಪನ ಬೆರಳು ಮೇಜಿನ ಮೇಲೆ ಚೀಲಗಳ ಸಾಲು ಬಿಡಿಸುತ್ತಿತ್ತು. ಅಷ್ಟು ಹೊತ್ತು ಅವರು ಮಾತನಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸರ್ ನನ್ನ ಕಡೆ ತಿರುಗಿ, 'ಇದು ದಾಸ್ತಾನು ನಿಯಂತ್ರಣ. ಮುಂದೆ ನಾನು ನಿನಗೆ ಪುಸ್ತಕ ನೋಡಿ ಕಲಿಸಬೇಕಾದ ಪಾಠವನ್ನು ನಿನ್ನ ತಂದೆ 24 ವರ್ಷ ಮಾಡಿ ಬಂದಿದ್ದಾರೆ. ಬರೆದುಕೋ' ಎಂದರು. ಒಂದು ಸಾಲು ಒಂದೂವರೆ ಪುಟವಾಯಿತು. ಕ್ಯೂರಿಂಗ್ ಘಟಕದವರು ಗೋದಾಮಿನ ಕೆಲಸಕ್ಕೆ ಅಪ್ಪನನ್ನು ಕರೆದರು. ಹಣ್ಣಿನ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಯಾವುದು, ಹಣ್ಣನ್ನೇ ಇಡಿಯಾಗಿ ಒಣಗಿಸಿದ ಚೆರಿ ಯಾವುದು, ತೇವಾಂಶ ನೋಡುವುದು ಹೇಗೆ ಎಂಬುದನ್ನು ಅವರು ಒಂದು ಹಂಗಾಮಿನಲ್ಲಿ ಕಲಿತರು. ಉಳಿದದ್ದು ಅವರಿಗೆ ಬರುತ್ತಿತ್ತು. ಅಂತಿಮ ವರ್ಷದಲ್ಲಿ ಸರ್ ಕರಿಹಲಗೆಯ ಮೇಲೆ ಬಿನ್ ಕಾರ್ಡಿನ, ಅಂದರೆ ದಾಸ್ತಾನು ಬಂದು ಹೋಗುವ ಲೆಕ್ಕದ ಚೀಟಿಯ, ಕಾಲಂಗಳನ್ನು ಎಳೆದಾಗ ನನಗೆ ಏನನ್ನೂ ಬಾಯಿಪಾಠ ಮಾಡಬೇಕಾಗಲಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದು ಜನ ಪರಿಹಾರ ಕೇಂದ್ರಗಳನ್ನು ಸೇರಿದಾಗ, ನಾಡಿನ ಎಲ್ಲ ಕಡೆಯಿಂದ ಲಾರಿಗಟ್ಟಲೆ ಸಾಮಾನು ಬಂತು. ನಮ್ಮ ಸಮೀಪದ ಒಂದು ಸಂಗ್ರಹ ಸ್ಥಳದಲ್ಲಿ ಅಕ್ಕಿ, ಕಂಬಳಿ, ಬಿಸ್ಕತ್ತು, ಔಷಧಿ ಎಲ್ಲವೂ ಒಂದೇ ರಾಶಿಯಾಗಿ ನೆನೆಯುತ್ತಿತ್ತು. ಅಪ್ಪ ಮತ್ತು ಅವರ ಪ್ರಾಯದ ನಾಲ್ವರು ಮಾಜಿ ಸೈನಿಕರು ಅಲ್ಲಿಗೆ ಹೋಗಿ, ಯಾರ ಅಪ್ಪಣೆಗೂ ಕಾಯದೆ ಹಲಗೆ ಹಾಸಿದರು. ರಾತ್ರಿ ನಾನು ಬ್ಯಾಂಕಿನ ಕೆಲಸ ಮುಗಿಸಿ ಬುತ್ತಿ ತೆಗೆದುಕೊಂಡು ಹೋದಾಗ ರಾಶಿ ಸಾಲುಗಳಾಗಿತ್ತು. ಬೇಗ ಕೆಡುವ ಬ್ರೆಡ್ಡು ಬಾಗಿಲ ಬಳಿ, ಅಕ್ಕಿ ಒಳಗೆ, ಮಗುವಿನ ಹಾಲಿನ ಪುಡಿ ಪ್ರತ್ಯೇಕ. ಅಪ್ಪನ ತೊಡೆಯ ಮೇಲೆ ನನ್ನ ಹಳೆಯ ನೋಟುಪುಸ್ತಕವಿತ್ತು. ಬಂದದ್ದು, ಹೋದದ್ದು, ಉಳಿದದ್ದು ಎಂದು ಮೂರು ಕಾಲಂ ಎಳೆದು, ಕನ್ನಡದಲ್ಲಿಯೇ ಬರೆದಿದ್ದರು.

ನಿವೃತ್ತಿಯ ನಂತರ ಸೈನಿಕ ಏನಾಗಬೇಕು ಎಂಬ ಚಿಂತೆ ಹೊಸದೇನೂ ಅಲ್ಲ. ಸ್ವತಃ ಕಾರ್ಯಪ್ಪನವರೇ 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯನ್ನು ಕಟ್ಟಿದರು. ಸೇವೆಯ ಕೊನೆಯಲ್ಲಿ 24 ವಾರಗಳವರೆಗಿನ ಪುನರ್ವಸತಿ ತರಬೇತಿಗಳಿವೆ. ಎಸ್.ಎಸ್.ಎಲ್.ಸಿ. ಮುಗಿಸಿ 15 ವರ್ಷ ಸೇವೆ ಸಲ್ಲಿಸಿದವರನ್ನು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸುವ ಅವಕಾಶವಿದೆ. ಇದು ನನಗೆ ತಿಳಿದದ್ದು ನೌಕರಿಗೆ ಸೇರಿದ ಮೇಲೆ, ಅಪ್ಪನಿಗೆ ಅದರಿಂದ ಉಪಯೋಗವಾಗುವ ಕಾಲ ದಾಟಿತ್ತು. ಈ ಮಾಹಿತಿ ಊರಿಗೆ ತಲುಪುವ ದಾರಿಯಲ್ಲಿ ಕಾಲೇಜೂ ಒಂದು ನಿಲ್ದಾಣವಾಗಬೇಕು ಎಂಬುದು ನನ್ನ ಆಸೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ, ಮುಂದುವರಿಯುವವರು ನಾಲ್ಕರಲ್ಲಿ ಒಂದು ಪಾಲಿನವರೆಗೆ ಮಾತ್ರ. ಹಿಂದಿರುಗುವವರಲ್ಲಿ ಅನೇಕರು ನಮ್ಮ ಪದವಿ ತರಗತಿಗಳ ಪ್ರಾಯದವರೇ ಆಗಿರುತ್ತಾರೆ. ಅವರಿಗೆ ಬೇಕಾದದ್ದು ಶಾಲಿಗಿಂತ ಮೊದಲು ತರಗತಿಯಲ್ಲಿ ಒಂದು ಬೆಂಚು.

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಕಾಲೇಜು ಒಪ್ಪಿ ಗ್ರಂಥಾಲಯದ ಬಾಗಿಲು ತೆರೆಸಿಕೊಟ್ಟರೆ, ನಾನು ಅದೇ ಮೂಲೆಯ ಮೇಜಿನಲ್ಲಿ ಇರುತ್ತೇನೆ. ನಿವೃತ್ತರಾಗಿ ಬಂದ ತಂದೆಯನ್ನೋ, ಅಣ್ಣನನ್ನೋ, ಮಾವನನ್ನೋ ವಿದ್ಯಾರ್ಥಿಗಳು ಕರೆದುಕೊಂಡು ಬರಲಿ. ಡಿಸ್ಚಾರ್ಜ್ ಬುಕ್ ಜೊತೆಗಿರಲಿ. ಅಪ್ಪನೂ ಬರುತ್ತೇನೆ ಎಂದಿದ್ದಾರೆ. ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಅವರೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಅದರ ಮೊದಲ ಸಾಲು, 'ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ?'