ನೌಕರಿ, ಮನೆ ಮತ್ತು ನಾಲ್ಕು ತಾಸಿನ ರೇಸು

ಬೆಳಗಾವಿಯಿಂದ ಚೆನ್ನೈ ಹತ್ತಿರ ಬೈಕ್ ರೇಸು ನಡೆಯುವ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಸುಮಾರು 800 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48 ಊರಿನ ಪಕ್ಕದಲ್ಲೇ ಹಾದು ಟ್ರ್ಯಾಕಿನ ಬಾಗಿಲ ತನಕ ಒಯ್ಯುತ್ತದೆ. ವಿಜಯಪುರ, ಬಾಗಲಕೋಟೆಯವರು ಹೆದ್ದಾರಿ 50 ಹಿಡಿದು ಚಿತ್ರದುರ್ಗದಲ್ಲಿ ಬಂದು ಕೂಡಿಕೊಳ್ಳಬೇಕು. ದಾರಿ ಸಲೀಸು, ಆದರೆ ರಜೆ ಸಿಗುವುದಿಲ್ಲ. ಉದ್ಯಮಬಾಗದಲ್ಲಿ ಶಿಫ್ಟ್ ಮಾಡುವವರು, ಬ್ಯಾಂಕಿನಲ್ಲಿ ಕೂಡುವವರು, ಮನೆಯಲ್ಲಿ ಸಣ್ಣ ಮಕ್ಕಳಿರುವವರು ವರ್ಷಕ್ಕೆ ಎರಡು ಮೂರು ಸಲ ಅಲ್ಲಿಗೆ ಹೋದರೆ ಅದೇ ಹೆಚ್ಚು. ಅಷ್ಟರಲ್ಲಿ ಲ್ಯಾಪ್ ಟೈಮ್, ಅಂದರೆ ಒಂದು ಸುತ್ತಿಗೆ ಹಿಡಿಯುವ ಹೊತ್ತು, ಹೆಚ್ಚೇನೂ ಇಳಿಯುವುದಿಲ್ಲ. ಒಂದೇ ಬೈಕನ್ನು ಸವಾರರು ಸರದಿಯಲ್ಲಿ ತಾಸುಗಟ್ಟಲೆ ಓಡಿಸುವ ಎಂಡ್ಯೂರೆನ್ಸ್ ರೇಸಿನಲ್ಲಿ ಮಾತ್ರ, ಅಂಗಳದಲ್ಲಿ ಮತ್ತು ಗ್ಯಾರೇಜಿನಲ್ಲಿ ಉಳಿಸಿದ ಸಮಯವೂ ಫಲಿತಾಂಶದ ಹಾಳೆಯಲ್ಲಿ ಕಾಣುತ್ತದೆ.

ಲೆಕ್ಕ ಹಾಕಿ ನೋಡಿ. ಟ್ರ್ಯಾಕಿನ ಪೂರ್ತಿ ಸುತ್ತು 3.7 ಕಿ.ಮೀ. 200 ಸಿಸಿ ಬೈಕಿನಲ್ಲಿ ಹವ್ಯಾಸಿ ಸವಾರ ಸುತ್ತಿಗೆ 2 ನಿಮಿಷ 15 ಸೆಕೆಂಡ್ ತೆಗೆದುಕೊಂಡರೆ ನಾಲ್ಕು ತಾಸಿಗೆ 106 ಸುತ್ತು. ಇಬ್ಬರು ಸವಾರರು 40 ನಿಮಿಷಕ್ಕೊಮ್ಮೆ ಬದಲಾದರೆ ಟ್ರ್ಯಾಕಿನ ಪಕ್ಕದ ನಿಲ್ಲುವ ಜಾಗವಾದ ಪಿಟ್‌ಗೆ ಐದು ಸಲ ಬರಬೇಕು. ಪ್ರತಿ ಸಲ 30 ಸೆಕೆಂಡ್ ಹೆಚ್ಚು ಹೋದರೆ ಒಟ್ಟು 150 ಸೆಕೆಂಡ್, ಒಂದು ಸುತ್ತಿಗಿಂತ ಜಾಸ್ತಿ. ಅದನ್ನು ವೇಗದಿಂದ ತುಂಬಿಕೊಳ್ಳಬೇಕೆಂದರೆ ಒಂದೊಂದು ಸುತ್ತಿನಲ್ಲೂ 1.4 ಸೆಕೆಂಡ್ ಕಡಿಮೆಯಾಗಬೇಕು. ವರ್ಷಕ್ಕೆ ಎರಡು ಸಲ ಟ್ರ್ಯಾಕ್ ನೋಡುವವರು ಅಷ್ಟು ಇಳಿಸಲು ಹೋದರೆ ಬೀಳುವುದೇ ಹೆಚ್ಚು. ಒಮ್ಮೆ ಬಿದ್ದು, ಬಾಗಿದ ಗೇರ್ ಲಿವರ್ ಬದಲಿಸಿ ಮತ್ತೆ ಹೊರಡಲು ಹತ್ತು ನಿಮಿಷ ಹಿಡಿದರೆ ನಾಲ್ಕು ಸುತ್ತು ಹೋದವು.

ಪೆಟ್ರೋಲಿನ ಲೆಕ್ಕವನ್ನೂ ಊರಲ್ಲೇ ಮುಗಿಸಿ. ರಸ್ತೆಯಲ್ಲಿ ಲೀಟರಿಗೆ 40 ಕೊಡುವ ಬೈಕು ಟ್ರ್ಯಾಕಿನಲ್ಲಿ 20 ಕೊಡುತ್ತದೆ ಎಂದು ಹಿಡಿದು, ಅಭ್ಯಾಸದ ದಿನ ಹತ್ತು ಸುತ್ತು ಓಡಿಸಿ, ಮತ್ತೆ ತುಂಬಿಸಿ ಅಳೆದು ಸರಿಪಡಿಸಿಕೊಳ್ಳಿ. 40 ನಿಮಿಷಕ್ಕೆ 66 ಕಿ.ಮೀ., ಅಂದರೆ 3.3 ಲೀಟರ್. ಟ್ಯಾಂಕು 12 ಲೀಟರಿನದಾದರೆ ಐದೂ ಸಲ ತುಂಬಿಸಬೇಕಾಗಿಲ್ಲ. ಎರಡನೆಯ ಬದಲಾವಣೆಯಲ್ಲಿ ಆರೂವರೆ, ನಾಲ್ಕನೆಯದರಲ್ಲಿ 3 ಲೀಟರ್ ಹಾಕಿದರೆ ಕೊನೆಗೆ ಒಂದೂವರೆ ಲೀಟರ್ ಮಿಗುತ್ತದೆ. ಯಾರಾದರೂ ಬಿದ್ದಾಗ ಎಲ್ಲರನ್ನೂ ನಿಧಾನಿಸುವ ಸೇಫ್ಟಿ ಕಾರ್ ಬಂದು ಲೆಕ್ಕ ಏರುಪೇರಾದರೆ ಆ ಒಂದೂವರೆ ಲೀಟರೇ ಕಾಯುತ್ತದೆ. ಉಳಿದ ಮೂರು ಸಲ ಸವಾರರು ಇಳಿದು ಹತ್ತುವ ಹೊತ್ತು ಮಾತ್ರ. ಒಬ್ಬ ಸವಾರ ಎಷ್ಟು ಹೊತ್ತು ಓಡಿಸಬಹುದು, ಪಿಟ್‌ನಲ್ಲಿ ಕನಿಷ್ಠ ಎಷ್ಟು ಹೊತ್ತು ನಿಲ್ಲಬೇಕು ಎಂದು ಕೆಲವು ಆಯೋಜಕರು ನಿಯಮ ಇಟ್ಟಿರುತ್ತಾರೆ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಒಕ್ಕೂಟ) ಲೈಸೆನ್ಸಿಗೆ ಅರ್ಜಿ ಹಾಕುವ ದಿನವೇ ಆ ರೇಸಿನ ನಿಯಮಪುಸ್ತಕವನ್ನೂ ಓದಿ ಮುಗಿಸಿ.

ಪಿಟ್ ಅಭ್ಯಾಸಕ್ಕೆ ಗುಜರಿಯಲ್ಲಿ ಒಂದು ಹಳೆ ಟ್ಯಾಂಕು ತಂದು, ಅದಕ್ಕೆ ನೀರು ಸುರಿದು ಕಲಿಯಿರಿ. ನಾಲ್ಕು ಜನ ಸಾಕು: ಬೈಕು ಹಿಡಿಯಲು ಒಬ್ಬರು, ಪೆಟ್ರೋಲ್ ಹಾಕಲು ಒಬ್ಬರು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲಲು ಒಬ್ಬರು, ವಾಚು ಮತ್ತು ಹಾಳೆಗೆ ಒಬ್ಬರು. ಎಂಜಿನ್ ಬಂದ್, ನ್ಯೂಟ್ರಲ್, ಸವಾರ ಕೆಳಗೆ, ಆಮೇಲೇ ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಬೀಳುವಾಗ ಬೇರೆ ಯಾರೂ ಬೈಕಿಗೆ ಪಾನಾ ಹಚ್ಚಬಾರದು. ಎರಡನೆಯ ಸವಾರ ಹತ್ತುವುದು ಮುಚ್ಚಳ ಬಿದ್ದ ಸಪ್ಪಳ ಕೇಳಿದ ಮೇಲೆ. ಇಲ್ಲಿ ಹೊತ್ತು ತಿನ್ನುವುದು ಕೀಲಿ. ಇಗ್ನಿಷನ್ನಿನಿಂದ ಕೀಲಿ ಕಿತ್ತು, ಟ್ಯಾಂಕಿನ ಮುಚ್ಚಳ ತೆಗೆದು, ಮತ್ತೆ ಅದೇ ಕೀಲಿ ಹಾಕುವಷ್ಟರಲ್ಲಿ ಹದಿನೈದು ಸೆಕೆಂಡ್ ಹೋಗಿರುತ್ತದೆ, ಕೈಗವಸಿನಿಂದ ಜಾರಿ ಬಿದ್ದರಂತೂ ಕೇಳುವುದೇ ಬೇಡ. ಎರಡನೆಯ ಕೀಲಿಯನ್ನು ಪೆಟ್ರೋಲ್ ಹಾಕುವವರ ಮುಂಗೈಗೆ ದಾರದಿಂದ ಕಟ್ಟಿ. ಕ್ಯಾನಿಗೆ ಗಾಳಿ ಹೋಗುವ ತೂತು ಇರದಿದ್ದರೆ ಪೆಟ್ರೋಲು ಗುಳುಗುಳು ಎನ್ನುತ್ತ ತಡೆತಡೆದು ಬೀಳುತ್ತದೆ, ಕಾದ ಎಂಜಿನ್ ಮೇಲೂ ಚೆಲ್ಲುತ್ತದೆ. ಬೇಕಾದಷ್ಟನ್ನೇ ಅಳೆದು ಕ್ಯಾನಿಗೆ ತುಂಬಿಟ್ಟರೆ ಟ್ಯಾಂಕಿನೊಳಗೆ ಇಣುಕಬೇಕಾಗಿಲ್ಲ.

ಬೈಕಿನ ಕೆಲಸವನ್ನು ವಾರದ ರಾತ್ರಿಗಳಿಗೆ ಹಂಚಿಕೊಳ್ಳಿ. ಮಕ್ಕಳು ಮಲಗಿದ ಮೇಲೆ ಒಂದು ತಾಸು, ದಿನಕ್ಕೆ ಒಂದೇ ಕೆಲಸ. ಅರ್ಧಕ್ಕೆ ಬಿಟ್ಟ ಬೋಲ್ಟಿಗೆ ಕೆಂಪು ಟೇಪು ಸುತ್ತಿಡಿ. ಮರುದಿನ ಅದು ಬಿಗಿಯಾಗಿದೆಯೋ ಇಲ್ಲವೋ ಎಂಬ ನೆನಪನ್ನು ನಂಬಬೇಡಿ.

ಮೊದಲ ರಾತ್ರಿ ಸೇಫ್ಟಿ ವೈರ್, ಅಂದರೆ ಬೋಲ್ಟು ಸಡಿಲಾಗದಂತೆ ಕಟ್ಟುವ ತಂತಿ. ಆಯಿಲ್ ಡ್ರೇನ್ ಬೋಲ್ಟು, ಆಯಿಲ್ ಹಾಕುವ ಮುಚ್ಚಳ, ಫಿಲ್ಟರ್ ಕವರಿನ ಬೋಲ್ಟುಗಳ ತಲೆಗೆ 1.5 ಮಿ.ಮೀ. ತೂತು ಬೇಕು. ಮನೆಯ ಹ್ಯಾಂಡ್ ಡ್ರಿಲ್ಲಿನಲ್ಲಿ ಬಿಟ್ ಮುರಿಯುವುದೇ ಜಾಸ್ತಿ. ಉದ್ಯಮಬಾಗದ ಯಾವುದಾದರೂ ಸಣ್ಣ ವರ್ಕ್‌ಶಾಪಿನಲ್ಲಿ ಬೆಂಚ್ ಡ್ರಿಲ್ ಮೇಲೆ, ವೈಸಿನಲ್ಲಿ ಹಿಡಿದು, ಎಣ್ಣೆ ಬಿಡುತ್ತ ಮಾಡಿಸಿ. ಫೌಂಡ್ರಿಗಳ ಊರಿನಲ್ಲಿ ಹುಟ್ಟಿದ್ದಕ್ಕೆ ಇದೊಂದು ಸವಲತ್ತು ನಮಗಿದೆ. 0.8 ಮಿ.ಮೀ. ಸ್ಟೇನ್‌ಲೆಸ್ ತಂತಿಯನ್ನು ಬೋಲ್ಟು ಸಡಿಲಾಗಲು ಹೊರಟರೆ ಬಿಗಿಯುವ ಕಡೆಗೇ ಎಳೆಯುವಂತೆ ಕಟ್ಟಬೇಕು. ಇಂಚಿಗೆ ಏಳೆಂಟು ಹೊಸೆತ ಸಾಕು. ಹೆಚ್ಚು ಹೊಸೆದರೆ ತಂತಿ ಅಲುಗಾಟಕ್ಕೆ ಮುರಿಯುತ್ತದೆ. ಆಯಿಲ್ ಹಿಂದಿನ ಟೈರಿಗೆ ತಾಗಿದರೆ ನೀವು, ಟ್ರ್ಯಾಕಿಗೆ ಚೆಲ್ಲಿದರೆ ನಿಮ್ಮ ಹಿಂದೆ ಬರುವವರು ಬೀಳುತ್ತಾರೆ, ಅದಕ್ಕೇ ಇದು ಮೊದಲ ರಾತ್ರಿಯ ಕೆಲಸ.

ಕೂಲೆಂಟ್ ಇರುವ ಬೈಕಾದರೆ ಗ್ಲೈಕಾಲ್ ಪೂರ್ತಿ ತೆಗೆದು ಡಿಸ್ಟಿಲ್ಡ್ ನೀರು ತುಂಬಿ. ಗ್ಲೈಕಾಲ್ ಟ್ರ್ಯಾಕಿಗೆ ಚೆಲ್ಲಿದರೆ ಒಣಗದೆ ಜಾರುತ್ತಲೇ ಇರುತ್ತದೆ. ಬ್ರೇಕ್ ಆಯಿಲ್ ಹೊಸದೇ ಬೇಕು. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ, ಗಾಳಿಯ ತೇವ ಹೀರಿಕೊಂಡ ಮೇಲೆ ಅದು 155 ಡಿಗ್ರಿಗೂ ಇಳಿಯಬಹುದು. ಬೆಳಗಾವಿಯ ಮಳೆಗಾಲ ಕಳೆದ ಆಯಿಲ್ ಹಾಗೇ ಬಿಟ್ಟರೆ ಇಪ್ಪತ್ತನೆಯ ಸುತ್ತಿಗೆ ಲಿವರ್ ಹ್ಯಾಂಡಲ್ಲಿಗೆ ತಾಗುತ್ತದೆ. ಪ್ಯಾಡುಗಳ ದಪ್ಪವನ್ನು ಅಭ್ಯಾಸಕ್ಕೆ ಮೊದಲು ಮತ್ತು ಹತ್ತು ಸುತ್ತಿನ ನಂತರ ವರ್ನಿಯರ್‌ನಲ್ಲಿ ಅಳೆಯಿರಿ. ಸವೆತವನ್ನು ಹತ್ತೂವರೆಯಿಂದ ಗುಣಿಸಿ ದಪ್ಪದಿಂದ ಕಳೆದಾಗ 1.5 ಮಿ.ಮೀ. ಉಳಿಯದಿದ್ದರೆ ಹೊಸ ಪ್ಯಾಡಿನಲ್ಲೇ ರೇಸ್ ಶುರುಮಾಡಿ, ಆದರೆ ಅವುಗಳನ್ನು ಅಭ್ಯಾಸದಲ್ಲಿ ಪಳಗಿಸಿದ ಮೇಲೆ.

ಚೈನು ಬಿಗಿ ಮಾಡುವಾಗ ಹೆಚ್ಚಿನವರು ತಪ್ಪುತ್ತಾರೆ. ಸ್ಟ್ಯಾಂಡಿನ ಮೇಲೆ ಸರಿ ಕಂಡ ಸಡಿಲು, ಸವಾರ ಕೂತಾಗ ಉಳಿಯುವುದಿಲ್ಲ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ. ಆಗಲೂ ಬೆರಳಿನಿಂದ ತುಸು ಅಲುಗಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸಿನ ಬೇರಿಂಗ್ ಕಾದು ಹೋಗುತ್ತದೆ. ವಿಜಯಪುರ ಕಡೆಯ ಎರೆಮಣ್ಣಿನ ಧೂಳಿನಲ್ಲಿ ದಿನಾ ಓಡಾಡುವ ಬೈಕಾದರೆ ಏರ್ ಫಿಲ್ಟರನ್ನು ಜಾಡಿಸಿ ಹಾಕದೆ ಹೊಸದನ್ನೇ ಹಾಕಿ. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳ ತುದಿಯಿಂದ ಎರಡು ಬೆರಳು ಒಳಗೆ ಫೈಲಿನಿಂದ ಸಣ್ಣ ಕಚ್ಚು ಹಾಕಿ. ಬಿದ್ದಾಗ ಅಲ್ಲಿಗೇ ಮುರಿದು, ಉಳಿದ ತುಂಡಿನಿಂದ ಪಿಟ್ ತನಕ ಬರಬಹುದು. ಕ್ಲಚ್ ಕೇಬಲಿನ ಪಕ್ಕದಲ್ಲೇ ಹೊಸ ಕೇಬಲ್ ಎಳೆದು ಟೈ ಹಾಕಿಟ್ಟರೆ ತುದಿಗಳನ್ನು ಸಿಕ್ಕಿಸುವುದಷ್ಟೇ ಬಾಕಿ. ಡಬ್ಬಿಯಲ್ಲಿ ಗೇರ್ ಲಿವರ್, ಎರಡೂ ಫುಟ್‌ರೆಸ್ಟ್, ಹ್ಯಾಂಡಲ್, ಫ್ಯೂಸು, ಪ್ಲಗ್, ಚೈನು ಕೂಡಿಸುವ ಲಾಕ್ ಇರಲಿ.

ಇನ್ನು ಮೈ. ಏಪ್ರಿಲ್‌ನಲ್ಲಿ 40 ಡಿಗ್ರಿ ಕಂಡ ವಿಜಯಪುರದವರು ಚೆನ್ನೈಯ 34 ಡಿಗ್ರಿಯನ್ನು ಹಗುರಾಗಿ ತೆಗೆದುಕೊಳ್ಳಬಾರದು. ನಮ್ಮದು ಒಣ ಬಿಸಿಲು, ಬೆವರು ಆರಿ ಮೈ ತಂಪಾಗುತ್ತದೆ. ಅಲ್ಲಿ ಚರ್ಮದ ಸೂಟಿನೊಳಗೆ ಬೆವರು ಆರುವುದೇ ಇಲ್ಲ. ಜುಲೈ ಆಗಸ್ಟಿನಲ್ಲಿ ಬೆಳಗಾವಿ ಮಳೆಯಲ್ಲಿ ತಂಪಾಗಿರುವುದರಿಂದ ಅಲ್ಲಿಂದ ಹೋಗುವವರಿಗೆ ಇನ್ನೂ ಕಷ್ಟ. ಮೈ ಸೆಕೆಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ರೇಸಿಗೆ ಎರಡು ವಾರ ಮೊದಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಜರ್ಕಿನ್ ಹಾಕಿಕೊಂಡು ದಿನಕ್ಕೆ ಒಂದು ತಾಸು ವ್ಯಾಯಾಮ ಮಾಡಿ. ಮನೆಯಲ್ಲಿ ಯಾರಾದರೂ ಇರುವಾಗಲೇ ಮಾಡಿ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ಮೊದಲು ಮತ್ತು ನಂತರ ತೂಕ ನೋಡಿ: ಒಂದು ಕಿಲೋ ಇಳಿದರೆ ಒಂದು ಲೀಟರ್ ಬೆವರು ಹೋಗಿದೆ. 70 ಕಿಲೋದವರಿಗೆ 1.4 ಕಿಲೋ ಇಳಿದ ಮೇಲೆ ಬ್ರೇಕ್ ಹಿಡಿಯುವ ಜಾಗದ ಅಂದಾಜು ತಪ್ಪಲು ಶುರುವಾಗುತ್ತದೆ.

ಪಿಟ್‌ನಲ್ಲಿ ಕುಡಿಯಲು ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಮಟ್ಟ ಅಳತೆ. ಉಪ್ಪು ಹಾಕಿದ ಮಜ್ಜಿಗೆಯೂ ನಡೆಯುತ್ತದೆ, ತಣ್ಣಗಿರುವಷ್ಟು ಹೊತ್ತು. ತಿನ್ನಲು ಅಮೀನಗಡದ ಅಥವಾ ಗೋಕಾಕದ ಕರದಂಟಿಗಿಂತ ಒಳ್ಳೆಯದನ್ನು ಯಾವ ಎನರ್ಜಿ ಬಾರಿನಲ್ಲೂ ಕಾಣೆ: ಬೆಲ್ಲ, ಒಣಕೊಬ್ಬರಿ, ಅಂಟು, ಗೋಡಂಬಿ, ಬಾದಾಮಿ, ಸೆಕೆಯಲ್ಲೂ ಕೆಡುವುದಿಲ್ಲ. ಇಳಿದ ಕೂಡಲೇ ಅಂಗೈಯಷ್ಟು ದೊಡ್ಡದಲ್ಲ, ಎರಡು ಬೆರಳಿನಷ್ಟು ತುಂಡು ಸಾಕು. ರೇಸಿನ ಹಿಂದಿನ ರಾತ್ರಿ ಮನೆಯಿಂದ ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದರೆ ಹೊಟ್ಟೆ ಕೆಡುವ ಭಯವಿಲ್ಲ.

ತಿರುವು ಕಲಿಯಲೆಂದು ಚೋರ್ಲಾ ಘಾಟಿಗೆ ಹೋಗಬೇಡಿ. ಎದುರಿಗೆ ಲಾರಿ ಬರುವ ರಸ್ತೆಯಲ್ಲಿ ಟ್ರ್ಯಾಕಿನ ಗೆರೆ ಕಲಿಯಲಾಗದು, ಬಿದ್ದರೆ ಬಯಲೂ ಇಲ್ಲ, ಆ್ಯಂಬುಲೆನ್ಸೂ ಇಲ್ಲ. ಮೊಣಕಾಲಿನಿಂದ ಟ್ಯಾಂಕು ಒತ್ತಿ ಹಿಡಿದು ಕೈ ಸಡಿಲು ಬಿಡುವುದನ್ನು ಅಂಗಳದಲ್ಲಿ, ನಿಂತ ಬೈಕಿನ ಮೇಲೆ ಹತ್ತು ನಿಮಿಷ ಮಾಡಿದರೂ ಮುಂಗೈ ಸೆಟೆದುಕೊಳ್ಳುವುದು ಕಡಿಮೆಯಾಗುತ್ತದೆ.

ದಿನಾಂಕ ಬಂದ ಕೂಡಲೇ ಮನೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ, ಅದೇ ಹಾಳೆಯಲ್ಲಿ ಗಣೇಶ ಚತುರ್ಥಿ, ಮಕ್ಕಳ ಪರೀಕ್ಷೆ, ಹಿಂಗಾರಿ ಜೋಳದ ಬಿತ್ತನೆ ಎಲ್ಲವೂ ಇರಲಿ. ಬಿತ್ತನೆಗೂ ರೇಸಿಗೂ ಹೊಂದದಿದ್ದರೆ ರೇಸು ಬಿಡಬೇಕು, ಹದ ಹೋದ ಹೊಲ ಕಾಯುವುದಿಲ್ಲ. ಮನೆಯವರಿಗೆ ನಿಜವಾದ ಲೆಕ್ಕ ಹೇಳಿ: ಗುರುವಾರ ರಾತ್ರಿ ಹೊರಟರೆ ಸೋಮವಾರ ಮಧ್ಯಾಹ್ನ ವಾಪಸ್. ಭಾನುವಾರ ರಾತ್ರಿಯೇ 800 ಕಿ.ಮೀ. ಓಡಿಸಿ ಬರುವ ಯೋಚನೆ ಬೇಡ. ರೇಸ್ ಮುಗಿಸಿದ ಸವಾರ ಅಂದು ಸ್ಟಿಯರಿಂಗ್ ಮುಟ್ಟಬಾರದು, ಸಾಗಿಸಲು ಬೇರೆ ಡ್ರೈವರ್ ಇರಲಿ.

ಛೋಟಾ ಹಾಥಿಯಲ್ಲಿ (ಸಣ್ಣ ಸರಕು ಗಾಡಿ) ಬೈಕು ಏರಿಸುವ ಮೊದಲು ಪೆಟ್ರೋಲ್ ಇಳಿಸಿ. ರ್ಯಾಚೆಟ್ ಬೆಲ್ಟಿನಿಂದ ಮುಂದಿನ ಫೋರ್ಕನ್ನು ಅರ್ಧದಷ್ಟೇ ಒತ್ತಿ ಕಟ್ಟಿ. ಪೂರ್ತಿ ಒತ್ತಿ 800 ಕಿ.ಮೀ. ಒಯ್ದರೆ ಆಯಿಲ್ ಸೀಲ್ ಸೋರಬಹುದು. ಸೈಡ್ ಸ್ಟ್ಯಾಂಡ್ ಮೇಲೆ ಭಾರ ಬೀಳಬಾರದು. ಮೊದಲ 30 ಕಿ.ಮೀ. ಆದಮೇಲೆ ನಿಲ್ಲಿಸಿ ಬೆಲ್ಟು ಮತ್ತೆ ಎಳೆಯಿರಿ, ಅಷ್ಟರಲ್ಲಿ ಸಡಿಲಾಗಿಯೇ ಇರುತ್ತದೆ.

ಬಂದ ಮೇಲೆ ಸೂಟನ್ನು ನೆರಳಿನಲ್ಲಿ ಒಳಮೈ ಹೊರಗೆ ಮಾಡಿ ಒಣಗಿಸಿ, ಬಿಸಿಲಿಗೆ ಹಾಕಿದರೆ ಚರ್ಮ ಸೆಟೆಯುತ್ತದೆ. ಎಂಜಿನ್ ತುಸು ಓಡಿಸಿ ಆಯಿಲ್ ಬಿಸಿಯಿರುವಾಗಲೇ ಇಳಿಸಿ, ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ಚೂರುಗಳನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ. ಬೂದಿಯಂಥ ನುಣುಪು ಪುಡಿ ಸಹಜ, ಉಗುರಿಗೆ ಸಿಗುವ ಚೂರು ಕಂಡರೆ ಎಂಜಿನ್ ಬಿಚ್ಚಬೇಕು. ಆ ಬಟ್ಟೆಗೆ ದಿನಾಂಕ ಬರೆದು, ಸುತ್ತಿನ ಹಾಳೆಯ ಜೊತೆ ಪಿನ್ ಮಾಡಿ ಡಬ್ಬಿಯಲ್ಲಿಡಿ.