ನಾಲಿಗೆಯ ದಾರ ಕಂಡ ಕೂಡಲೇ ಕತ್ತರಿ ಬೇಡ

ಕೂಸಿನ ನಾಲಿಗೆ ಕೆಳಗೆ ದಾರ ಕಂಡರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೊದಲು ಏಳುವ ಮಾತು, "ಇದಕ್ಕ ಮುಂದ ಮಾತು ಬರ್ತಾವೋ ಇಲ್ಲೋ?" ಆ ದಾರ, ಅಂದರೆ ನಾಲಿಗೆಯನ್ನು ಬಾಯಿಯ ತಳಕ್ಕೆ ಜೋಡಿಸುವ ತೆಳು ಪಟ್ಟಿ, ಎಲ್ಲರಿಗೂ ಇರುತ್ತದೆ. ಅದು ಗಿಡ್ಡವಾಗಿದ್ದು ಹಾಲು ಕುಡಿಯಲು ಅಡ್ಡಿಯಾದರೆ ಮಾತ್ರ ತೊಂದರೆ. ಅದಕ್ಕೇ ಕೂಸು ಕುಡಿಯುವುದನ್ನು ಶುರುವಿನಿಂದ ಕೊನೆತನಕ ಕೂತು ನೋಡಬೇಕು.

ಕೂಸು ನಾಲಿಗೆಯನ್ನು ಕೆಳವಸಡಿನ ಮೇಲೆ ಚಾಚಿ, ಮೊಲೆಯನ್ನು ಬೊಗಸೆಯಂತೆ ಹಿಡಿದು ಹಾಲೆಳೆಯುತ್ತದೆ. ನಾಲಿಗೆ ಮುಂದೆ ಬಾರದಿದ್ದರೆ ವಸಡಿನಿಂದಲೇ ಕಚ್ಚುತ್ತದೆ; ಹಿಡಿತ ಜಾರಿದಾಗೆಲ್ಲ 'ಟಕ್ ಟಕ್' ಸದ್ದು ಬರುತ್ತದೆ. ಮೊಲೆ ಬಿಟ್ಟ ತಕ್ಷಣ ತೊಟ್ಟು ನೋಡಿ. ಓರೆಯಾಗಿ ಕೊಯ್ದ ಬೆಂಡೆಕಾಯಿಯ ತುದಿಯಂತೆ ಚಪ್ಪಟೆಯಾಗಿದ್ದು ಬಿಳಿ ಗೆರೆ ಬಿದ್ದಿದ್ದರೆ ಹಿಡಿತ ಸರಿಯಿಲ್ಲ. ಆದರೆ ಕೂಸನ್ನು ಹಿಡಿಯುವ ರೀತಿ ತಪ್ಪಿದರೂ ಇದೇ ಗುರುತು ಬೀಳುತ್ತದೆ. ಅವಸರದಲ್ಲಿ ದಾರದ ಮೇಲೆ ತಪ್ಪು ಹೊರಿಸುವುದು ಇಲ್ಲಿಯೇ.

ನರ್ಸ್ ಕೈತೊಳೆದು, ಗ್ಲೌಸ್ ಹಾಕಿ, ಕಿರುಬೆರಳನ್ನು ಕೂಸಿನ ಬಾಯಲ್ಲಿಟ್ಟು ಚೀಪುವ ಬಲ ನೋಡುತ್ತಾರೆ. ಅಳುವಾಗ ನಾಲಿಗೆ ಎಷ್ಟು ಮೇಲೇಳುತ್ತದೆ, ತುಟಿಯತ್ತ ಎಷ್ಟು ಚಾಚುತ್ತದೆ, ತುದಿ ಹೃದಯದಾಕಾರಕ್ಕೆ ಸೀಳುತ್ತದೆಯೇ ಎಂಬುದನ್ನೂ ಗಮನಿಸುತ್ತಾರೆ.

ಮೊದಲ ಚಿಕಿತ್ಸೆ ಭಂಗಿ. ತಾಯಿ ತುಸು ಹಿಂದಕ್ಕೆ ಒರಗಿ ಕೂರಲಿ. ಕೂಸಿನ ಹೊಟ್ಟೆ ತಾಯಿಯ ಮೈಗೆ ಅಂಟಿರಲಿ, ಮೂಗು ತೊಟ್ಟಿನ ನೇರಕ್ಕಿರಲಿ. ಬಾಯಿ ಆಕಳಿಸಿದಷ್ಟು ಅಗಲ ತೆರೆದಾಗ ಕೂಸನ್ನೇ ಮೊಲೆಗೆ ತನ್ನಿ. ಮೊಲೆಯನ್ನು ಕೂಸಿನ ಬಾಯಿಗೆ ತುರುಕಬೇಡಿ. ಗದ್ದ ಮೊಲೆಗೆ ತಾಗಿ, ಕೆಳತುಟಿ ಹೊರಮಡಿಸಿರಬೇಕು. ನುಂಗುವುದು ನಿಧಾನವಾದರೆ ಮೊಲೆಯನ್ನು ಮೆಲ್ಲಗೆ ಒತ್ತಿ ಹಾಲು ಇಳಿಸಿ.

ಐದನೇ ದಿನದಿಂದ ದಿನಕ್ಕೆ ಕನಿಷ್ಠ 6 ಸಲ ಉಚ್ಚೆ ಹೊಯ್ಯಬೇಕು, ಹಳದಿ ಕಕ್ಕಸು ಆಗಬೇಕು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಗದಿದ್ದರೆ ದಿನಕ್ಕೆ 8 ಸಲ ಕೈಯಿಂದ ಹಾಲು ಹಿಂಡಿ, ಬಟ್ಟಲು-ಚಮಚದಿಂದ ಕುಡಿಸಿ, ಹಾಲೂ ಬತ್ತುವುದಿಲ್ಲ. ಈ ಹೊತ್ತಿನಲ್ಲಿ ಹಿರಿಯರು ಜೇನುತುಪ್ಪ ನೆಕ್ಕಿಸಲು ಬಂದರೆ ಕೈಮುಗಿದು ತಡೆಯಿರಿ. ವರ್ಷದೊಳಗಿನ ಕೂಸಿಗೆ ಅದು ಅಪಾಯ.

ಇಷ್ಟಾದರೂ ತೂಕ ಏರದೆ, ತಾಯಿಯ ನೋವು ಇಳಿಯದೆ ಇದ್ದಾಗ ದಾರ ಕತ್ತರಿಸುವ ಮಾತು. ರಕ್ತ ಹೆಪ್ಪುಗಟ್ಟಲೆಂದು ಕೂಸಿಗೆ ಕೊಡುವ ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ, ಮನೆತನದಲ್ಲಿ ರಕ್ತ ನಿಲ್ಲದ ಕಾಯಿಲೆ ಇದೆಯೇ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಕತ್ತರಿಸಿದ ಕೂಡಲೇ ಮೊಲೆಗೆ ಹಾಕಿದರೆ ರಕ್ತವೂ ನಿಲ್ಲುತ್ತದೆ, ಅಳುವೂ ನಿಲ್ಲುತ್ತದೆ. ಮರುದಿನ ಅಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಅದು ಕೀವಲ್ಲ, ಉಜ್ಜಬೇಡಿ; ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ.