ಎಲ್‌ಸಿ ಸಿಕ್ಕ ಮೇಲೂ ತಂತಿಯಲ್ಲಿ ಉಳಿಯುವ ಇಂಡಕ್ಷನ್

ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದು ಕೆಲಸಕ್ಕೆ ಕೊಡುವ ಅನುಮತಿ) ಸಿಕ್ಕ ಮೇಲೂ ತಂತಿಯಲ್ಲಿ ವೋಲ್ಟೇಜ್ ಇದೆ ಅಂತ ಟೆಸ್ಟರ್ ಕೂಗಿದಾಗ "ಇಂಡಕ್ಷನ್ ಅಷ್ಟೇ, ಕಂಬ ಹತ್ತು" ಅನ್ನುವ ಮಾತು ಹಾಸನದ ಸುತ್ತ ಲೈನ್ ಕೆಲಸದಲ್ಲಿ ಇನ್ನೂ ಕೇಳುತ್ತದೆ. ಆ "ಅಷ್ಟೇ" ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಬೇಕು.

ಜಿಒಎಸ್ (ಮೂರೂ ಫೇಸ್ ಒಟ್ಟಿಗೆ ಕಡಿಯುವ ಕಂಬದ ಸ್ವಿಚ್) ತೆಗೆದ 11 ಕೆವಿ ಲೈನ್ ಇನ್ಸುಲೇಟರ್ ಮೇಲೆ ಕೂತ ಒಂಟಿ ವಾಹಕ. ಪಕ್ಕದಲ್ಲಿ 220 ಕೆವಿ ಟವರ್ ಲೈನ್ ಚಾಲೂ ಇದ್ದರೆ ಅದರ ಕ್ಷೇತ್ರ ಈ ತಂತಿಯ ಎಲೆಕ್ಟ್ರಾನ್‌ಗಳನ್ನು ಸೆಕೆಂಡಿಗೆ 50 ಸಲ ಆಚೀಚೆ ಎಳೆಯುತ್ತದೆ. ತಂತಿಯ ಒಟ್ಟು ಚಾರ್ಜ್ ಸೊನ್ನೆಯೇ. ಆದರೂ ಅದು ತಾನಿರುವ ಜಾಗದ ವೋಲ್ಟೇಜಿಗೆ ಏರುತ್ತದೆ. ಕ್ಷೇತ್ರ ಮೀಟರಿಗೆ 1 ಕಿಲೋವೋಲ್ಟ್, ಎತ್ತರ 8 ಮೀಟರ್ ಎಂದಿಟ್ಟುಕೊಂಡರೆ ಸುಮಾರು 8,000 ವೋಲ್ಟ್. ಎರಡು ಲೈನ್ ಹೆಚ್ಚು ದೂರ ಜೊತೆಯಾಗಿ ಸಾಗಿದರೆ ಈ ವೋಲ್ಟೇಜ್ ಹೆಚ್ಚುವುದಿಲ್ಲ, ಮುಟ್ಟಿದವರ ಮೈಯಲ್ಲಿ ಹರಿಯುವ ಕರೆಂಟ್ ಹೆಚ್ಚುತ್ತದೆ. ತಂತಿಗೂ ನೆಲಕ್ಕೂ ನಡುವಿನ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 7 ಪಿಕೋಫ್ಯಾರಡ್. ಒಂದು ಕಿ.ಮೀ.ಗೆ 17 ಮಿಲಿಆಂಪ್ ಆಗುತ್ತದೆ. 10 ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳುವುದೇ ಕಷ್ಟ, ಅದೂ ಕಂಬದ ಮೇಲೆ.

ಅರ್ಥ್ ರಾಡ್ (ತುದಿಯ ಕ್ಲ್ಯಾಂಪ್‌ನಿಂದ ನೆಲಕ್ಕೆ ಕೇಬಲ್ ಇಳಿದಿರುವ ಇನ್ಸುಲೇಟೆಡ್ ಕೋಲು) ಮುಟ್ಟಿಸಿ, "ಚಟ್" ಅಂದಮೇಲೆ ತೆಗೆದು, ಡಿಸ್ಚಾರ್ಜ್ ಆಯಿತು ಅಂದುಕೊಳ್ಳುವುದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಅಭ್ಯಾಸ. ಕೇಬಲ್‌ಗೆ ಮೆಗ್ಗರ್ (ಇನ್ಸುಲೇಶನ್ ಪರೀಕ್ಷೆಯ ಮೀಟರ್) ಹಾಕಿದಾಗ ಉಳಿದ ಚಾರ್ಜ್ ಸಾಕಷ್ಟು ಹೊತ್ತು ಅರ್ಥ್ ಮಾಡಿದರೆ ಹೋಗುತ್ತದೆ. ಇಲ್ಲಿ ಹಾಗಲ್ಲ, ರಾಡ್ ತೆಗೆದ ಕ್ಷಣವೇ ವೋಲ್ಟೇಜ್ ವಾಪಸ್. ಪಿಯುಸಿಯ ಎಲೆಕ್ಟ್ರೋಸ್ಕೋಪ್ ನೆನಪಿಸಿಕೊಳ್ಳಿ: ಚಾರ್ಜ್ ಇರುವ ಕಡ್ಡಿ ಹತ್ತಿರವಿದ್ದಾಗ ಬೆರಳು ಮುಟ್ಟಿಸಿ ತೆಗೆದರೆ ಚಾರ್ಜ್ ಒಳಗೇ ಉಳಿಯುತ್ತದೆ. ತಂತಿಯಲ್ಲೂ ಅದೇ. ಕಿಡಿ ಆರುವುದು ಕರೆಂಟ್ ಸೊನ್ನೆಯಾದಾಗ, ಆಗ ಪ್ರೇರಿತ ಚಾರ್ಜ್ ಗರಿಷ್ಠ. ಅದು ಸಿಕ್ಕಿಬಿದ್ದರೆ, ಸೋರಿ ಹೋಗುವವರೆಗೂ ತಂತಿಯ ವೋಲ್ಟೇಜ್ ಮೊದಲಿನ ಶಿಖರದ ಎರಡರಷ್ಟನ್ನೂ ಮುಟ್ಟಬಹುದು.

ಹಾಗಾಗಿ ಅರ್ಥ್ ರಾಡಿನ ಕ್ಲ್ಯಾಂಪ್, ಕೆಲಸ ಮುಗಿಯುವವರೆಗೂ ತಂತಿಯ ಮೇಲೇ ಇರಬೇಕು. ಹಾಕುವಾಗ ಮೊದಲು ನೆಲದ ಕಡೆ, ಆಮೇಲೆ ಲೈನ್ ಕಡೆ. ತೆಗೆಯುವಾಗ ಮೊದಲು ಲೈನ್ ಕಡೆ. ಎರಡರಲ್ಲೂ ರಾಡಿನ ಹಿಡಿ ಬಿಟ್ಟು ಬೇರೆಲ್ಲೂ ಕೈ ಹೋಗಬಾರದು. ಕ್ಲ್ಯಾಂಪ್ ಕೂರುವ ಜಾಗವನ್ನು ರಾಡ್ ತುದಿಗೆ ಕಟ್ಟಿದ ಬ್ರಷ್‌ನಿಂದ ಉಜ್ಜಬೇಕು, ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕರೆಂಟ್ ಬಿಡುವುದಿಲ್ಲ. ಅರ್ಥ್ ಕೇಬಲಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆ ತುಂಡಾಗಿರುವುದು ಕಣ್ಣಿಗೆ ಕಾಣದು, ಹೊರಡುವ ಮುಂಚೆ ಮೀಟರ್ ಹಿಡಿದು ನೋಡಿ.

ಜಂಪರ್ (ಕಂಬದ ಎರಡು ಬದಿಯ ತಂತಿಗಳನ್ನು ಜೋಡಿಸುವ ತುಂಡು ತಂತಿ) ಕತ್ತರಿಸುವ ಕೆಲಸವಾದರೆ ಎರಡೂ ಬದಿಗೆ ಬೇರೆ ಬೇರೆ ಅರ್ಥ್ ಬೇಕು. ಒಂದೇ ಬದಿಗಿದ್ದರೆ ಕತ್ತರಿಸಿದ ಕ್ಷಣ ಇನ್ನೊಂದು ಬದಿ ಮತ್ತೆ ಒಂಟಿಯಾಗಿ, ಎರಡು ತುದಿಗಳ ನಡುವೆ ಕೈ ಇರುತ್ತದೆ. ಟವರ್ ಲೈನಿನ ಲೋಡ್ ಜಾಸ್ತಿಯಿದ್ದರೆ ಕಾಂತೀಯ ಇಂಡಕ್ಷನ್ ಕೂಡ ಸೇರುತ್ತದೆ, ಆದ್ದರಿಂದ ದೂರದ ಅರ್ಥ್ ನಂಬದೆ ಕೆಲಸದ ಕಂಬದಲ್ಲೇ ಒಂದು ಹಾಕಿ.

ಬೇಸಿಗೆಯಲ್ಲಿ ಅರಸೀಕೆರೆ ಕಡೆಯ ಒಣ ನೆಲದಲ್ಲಿ ಅರ್ಥ್ 100 ಓಮ್ ಬಂದರೂ 17 ಮಿಲಿಆಂಪ್‌ಗೆ ಏರುವುದು 2 ವೋಲ್ಟ್‌ಗಿಂತ ಕಮ್ಮಿ. ಇಂಡಕ್ಷನ್‌ಗೆ ಅಷ್ಟು ಸಾಕು. ಆದರೆ ಸಕಲೇಶಪುರದ ಕಡೆ ಕಾಫಿ ಎಸ್ಟೇಟ್‌ಗಳಲ್ಲಿ ಚೇಂಜ್‌ಓವರ್ (ಲೈನನ್ನು ಕಡಿದು ಜನರೇಟರಿಗೆ ಬದಲಿಸುವ ಸ್ವಿಚ್) ಇಲ್ಲದೆ ಜನರೇಟರ್ ಹಾಕಿದರೆ, ಟ್ರಾನ್ಸ್‌ಫಾರ್ಮರ್ ಅದನ್ನೇ 11 ಕೆವಿಗೆ ಏರಿಸಿ ಲೈನಿಗೆ ಕಳಿಸುತ್ತದೆ. ಅದಕ್ಕೆ ಮೂರು ಫೇಸ್‌ಗಳನ್ನೂ ಒಟ್ಟಿಗೆ ಶಾರ್ಟ್ ಮಾಡಿಯೇ ಅರ್ಥ್ ಕೊಡಬೇಕು.